ಬಣ್ಣಕ್ಕೆ ಹಾಕಿದ ಉಪ್ಪು

ಪೇಂಟರ್ ಉಪ್ಪು ಬಿಟ್ಟು ಎರಡು ತಿಂಗಳಾಗಿತ್ತು. ಬಿ.ಪಿ. ಮಾತ್ರ ಜಗ್ಗಲಿಲ್ಲ. ಮಾತ್ರೆ ತಪ್ಪಿಸಿದವನಲ್ಲ, ಉಪ್ಪಿನ ಡಬ್ಬಿ ಮುಟ್ಟಿದವನಲ್ಲ. ಆದರೂ ಒಂದು ದಿನ ಆರನೇ ಮಹಡಿಯ ಎತ್ತರಕ್ಕೆ ಕಟ್ಟಿದ ಬಿದಿರ ಸಾರುವೆಯ ಮೇಲೆ ತಲೆ ಸುತ್ತಿ, ಕಂಬ ತಬ್ಬಿಕೊಂಡು ಕೂತುಬಿಟ್ಟಿದ್ದ. ಮೇಸ್ತ್ರಿ ಅವನನ್ನು ಕೆಳಗಿಳಿಸಿ ಕಿಟಕಿ ಸರಳುಗಳಿಗೆ ಬಣ್ಣ ಬಳಿಯಲು ಹಚ್ಚಿದ. "ಡಾಕ್ಟರ ಚೀಟಿ ತಂದು ಹತ್ತು. ಮುಂದಿನ ತಿಂಗಳೂ ತರದಿದ್ರೆ ಆ ಜಾಗಕ್ಕೆ ಬೇರೆಯವನನ್ನ ಹಾಕ್ಕೋತೀನಿ," ಎಂದ. ಇಪ್ಪತ್ತು ವರ್ಷ ಎತ್ತರದಲ್ಲೇ ದುಡಿದವನಿಗೆ ನೆಲದ ಮೇಲೆ ಕೂತು ಸರಳಿಗೆ ಬಣ್ಣ ಹಚ್ಚುವುದು ದೊಡ್ಡ ಅವಮಾನವಾಗಿತ್ತು.

ಭಾನುವಾರದ ಅಡುಗೆ ಅವನದು: ಸಿಗಡಿ ಫ್ರೈಡ್ ರೈಸ್. ಹೆಂಡತಿ ಮೀನು ಮಾರ್ಕೆಟ್ಟಿನಲ್ಲಿ ಸಿಗಡಿ ಸುಲಿಯುವವಳಾದ್ದರಿಂದ ಮಾಲು ಯಾವಾಗಲೂ ತಾಜಾ. ಅವತ್ತು ಕೆಳಗಿನ ಮನೆಯ ನರ್ಸ್ ಒಂದು ನಿಂಬೆಹಣ್ಣು ಕೇಳಲು ಬಂದವರು, ಒಲೆಯ ಮುಂದೆ ನಿಂತೇಬಿಟ್ಟರು.

ಬಾಣಲೆಯಲ್ಲಿ ಸಿಗಡಿ ಎಣ್ಣೆಯಲ್ಲಿ ಈಜುತ್ತಿತ್ತು. ಪೇಂಟರ್ ಬಿಸಿ ಅನ್ನ ಸುರಿದ. ಸೋಯಾ ಸಾಸಿನ ಬಾಟಲಿ ಬಗ್ಗಿಸಿ ಒಂದು ಸುತ್ತು ಹರಿಸಿದ. ತಲೆ ಓರೆ ಮಾಡಿ ನೋಡಿ, ಇನ್ನೊಂದು ಸುತ್ತು ಹರಿಸಿದ.

"ಇದೇನಣ್ಣಾ?" ಎಂದರು ನರ್ಸ್.

"ಸೆಕೆಂಡ್ ಕೋಟ್, ಸಿಸ್ಟರ್. ಮೊದಲನೇ ಕೋಟಲ್ಲಿ ಬಿಳಿ ಇಣುಕ್ತಾ ಇತ್ತು."

"ಉಪ್ಪು ಬಿಟ್ಟಿದ್ದೀನಿ ಅಂದ್ರಲ್ಲ?"

"ಬಿಟ್ಟಿದ್ದೀನಿ! ಬೇಕಾದ್ರೆ ಇವಳನ್ನ ಕೇಳಿ. ಇದು ಬರೀ ಬಣ್ಣಕ್ಕೆ. ದಿನಾ ಡಬ್ಬಿ ಅನ್ನಕ್ಕೂ ಇದನ್ನೇ ಹಾಕ್ಕೊಂಡು ಹೋಗ್ತೀನಿ."

ನರ್ಸ್ ನಗಲಿಲ್ಲ. "ಪೇಂಟ್ ಡಬ್ಬಿ ಮೇಲಿರೋದನ್ನ ಒಂದಕ್ಷರ ಬಿಡದೆ ಓದ್ತೀರಲ್ಲ, ಇದನ್ನೂ ಒಂಚೂರು ಓದಿ."

ಪೇಂಟರ್ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದ. ನೀರು, ಸೋಯಾ, ಗೋಧಿ, ಉಪ್ಪು. ಕೊನೆಯ ಪದದ ಮೇಲೆ ಬೆರಳಿಟ್ಟು ಇನ್ನೊಮ್ಮೆ ಓದಿದ.

"ದಿನಕ್ಕೆ ಒಂದು ಟೀ ಚಮಚ ಉಪ್ಪು ದಾಟಬಾರದು ಅಂತಾರೆ. ಇದು ಎರಡು ದೊಡ್ಡ ಚಮಚ ಬಿದ್ರೆ ಹತ್ತತ್ರ ಅಷ್ಟಾಯ್ತು. ನೀವು ಬಳಿದಿರೋದು ಎರಡು ಕೋಟು!" ಎಂದರು ನರ್ಸ್.

"ರೀ, ಸಾಲದ್ದಕ್ಕೆ ಆ ಮಸಾಲೆ ಕ್ಯೂಬ್ ಬೇರೆ ಪುಡಿ ಮಾಡಿ ಹಾಕ್ತೀರಿ," ಎಂದಳು ಹೆಂಡತಿ.

"ಅದು ಘಮಕ್ಕೆ ಕಣೇ."

"ಅದರಲ್ಲೂ ಉಪ್ಪೇ ಜಾಸ್ತಿ," ಎಂದರು ನರ್ಸ್.

ಪೇಂಟರಿಗೆ ರೇಗಿತು. "ಉಪ್ಪಿಗಿಂತ ರುಚಿಯಿಲ್ಲ ಅಂತ ದೊಡ್ಡವರು ಸುಮ್ನೆ ಹೇಳಿದ್ರಾ? ಸಪ್ಪೆ ತಿನ್ನೋಕೆ ನಾನೇನು ಆಸ್ಪತ್ರೇಲಿದ್ದೀನಾ?"

"ಸಪ್ಪೆ ಯಾರು ತಿನ್ನಿ ಅಂದ್ರು? ಹಸಿ ಗೋಡೆಗೆ ಬಣ್ಣ ಬಳೀತೀರಾ?" ಎಂದರು ನರ್ಸ್.

"ಎಲ್ಲಾದ್ರೂ ಉಂಟಾ! ಎಷ್ಟು ಬಳಿದ್ರೂ ಕೂರಲ್ಲ."

"ನೀರು ಸುರಿಯೋ ಸಿಗಡಿ, ಹಬೆಯಾಡೋ ಅನ್ನ. ಇಲ್ಲೂ ರುಚಿ ಕೂರಲ್ಲ. ಅದಕ್ಕೇ ಸಾಸ್ ಮೇಲೆ ಸಾಸ್."

ಈ ಮಾತು ನಾಟಿತು. ಕಸುಬಿನ ಮಾತಿಗೆ ಎದುರಾಡುವ ಜಾಯಮಾನ ಅವನದಲ್ಲ.

ಮುಂದಿನ ಭಾನುವಾರ ಬೆಳಿಗ್ಗೆಯೇ ಅನ್ನ ಮಾಡಿ, ತಟ್ಟೆಯಲ್ಲಿ ಹರವಿ, ಆರಿದ ಕೂಡಲೇ ಫ್ರಿಜ್ಜಿನಲ್ಲಿಟ್ಟ. ಅನ್ನವನ್ನು ಗಂಟೆಗಟ್ಟಲೆ ಹೊರಗೆ ಬಿಟ್ಟರೆ ಕೆಡುತ್ತದೆ ಎಂದು ನರ್ಸ್ ಎಚ್ಚರಿಸಿದ್ದರು. ಹೆಂಡತಿ ಸಿಗಡಿಯನ್ನು ಬಟ್ಟೆಯಲ್ಲಿ ಒತ್ತಿ ಒರೆಸಿಕೊಟ್ಟಳು. ಅಗಲ ಬಾಣಲೆಗೆ ಎರಡೇ ಟೀ ಚಮಚ ಎಣ್ಣೆ, ಜಜ್ಜಿದ ಬೆಳ್ಳುಳ್ಳಿ, ಶುಂಠಿ. ಜೋರು ಉರಿಯಲ್ಲಿ ಸಿಗಡಿ ಕೆಂಪಾಗಿ ಮುದುರಿ, ಒಳಗೂ ಬೆಂದಾಗ ತೆಗೆದಿಟ್ಟ. ಅದೇ ಬಾಣಲೆಗೆ ಬೀನ್ಸ್, ಕ್ಯಾರೆಟ್, ಎಲೆಕೋಸು ಬಿತ್ತು, ಅನ್ನಕ್ಕಿಂತ ಹೆಚ್ಚೇ. ಒಂದು ಮೊಟ್ಟೆ ಒಡೆದು ಕಲಸಿ ಬೇಯಿಸಿದ. ಅನ್ನ ಹಾಕಿ ಬಿಸಿಬಿಸಿ ಹುರಿದು, ಸಿಗಡಿ ಸೇರಿಸಿದ. ಸಾಸು ಒಂದೇ ಟೀ ಚಮಚ, ಅದೂ ಬಾಣಲೆಯ ಅಂಚಿಗೆ. ಚೊಂಯ್ ಎಂದು ಘಮ ಎದ್ದಿತು. ಕೊನೆಗೆ ಮೆಣಸಿನಪುಡಿ, ನಿಂಬೆರಸ, ಈರುಳ್ಳಿ ಸೊಪ್ಪು. ಮೇಲುಪ್ಪು ಇಲ್ಲ.

ಪೇಂಟರ್ ತಟ್ಟೆಯನ್ನು ಅನುಮಾನದಿಂದ ನೋಡಿದ. "ಬರೀ ಪ್ರೈಮರ್ ಹೊಡೆದು ಬಣ್ಣ ಬಳಿಯದೆ ಬಿಟ್ಟ ಹಾಗಿದೆ," ಎಂದು ಗೊಣಗಿ ಒಂದು ತುತ್ತು ತಿಂದ. ಇನ್ನೊಂದು ತಿಂದ. ಆಮೇಲೆ ಸೌಟಿಗೇ ಕೈ ಹಾಕಿದ.

"ರೀ," ಎಂದಳು ಹೆಂಡತಿ, "ದಿನಾ ಬುಟ್ಟಿಗಟ್ಟಲೆ ಸುಲಿಯೋಳು ನಾನು. ಸಿಗಡಿ ಸಿಹಿ ಇರುತ್ತೆ ಅಂತ ಇವತ್ತು ಗೊತ್ತಾಯ್ತು ನೋಡಿ."

ಡಬ್ಬಿ ಅನ್ನಕ್ಕೂ ಸಾಸು ಹಾಕುವುದು ನಿಂತಿತು. ತಿಂಗಳ ಮೇಲೆ ಬಿ.ಪಿ. ಇಳಿದಿತ್ತು. ಮಾತ್ರೆ ಬಿಡಬೇಡ ಎಂದು ಗದರಿಸಿಯೇ ಡಾಕ್ಟರು ಚೀಟಿ ಬರೆದುಕೊಟ್ಟರು. ಮೇಸ್ತ್ರಿ ಅದನ್ನು ಎರಡು ಸಲ ಓದಿ, ಮೇಲೆ ಕೈ ತೋರಿಸಿದ. ಪೇಂಟರಿಗೆ ಆದ ಖುಷಿ ಅಷ್ಟಿಷ್ಟಲ್ಲ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಈಗಲೇ ಎದ್ದು ನಿಮ್ಮ ಅಡುಗೆಮನೆಗೆ ಹೋಗಿ. ಬಣ್ಣಕ್ಕೆ, ಘಮಕ್ಕೆ ಎಂದು ಇಟ್ಟುಕೊಂಡ ಬಾಟಲಿ, ಪೊಟ್ಟಣಗಳನ್ನು ತಿರುಗಿಸಿ ಓದಿ. ನೀವು ಉಪ್ಪನ್ನು ಬಿಟ್ಟಿರಬಹುದು. ಉಪ್ಪು ನಿಮ್ಮನ್ನು ಬಿಟ್ಟಿದೆಯೇ, ನೋಡಿಕೊಳ್ಳಿ.