ಸ್ವೇದನ್ ಗಂಜಿ

ಕ್ರಿಸ್‌ಮಸ್ ಹಿಂದಿನ ಸಂಜೆ ನಮ್ಮಮ್ಮ ಡಾಗ್ಮಾರ್ ಹಾಲುಗಂಜಿ ಒಲೆಗಿಟ್ಟಳೆಂದರೆ ಡ್ಯಾನೆವರ್ಕ್ ಊರಿನ ಅಗ್ನಿಶಾಮಕ ದಳದವರು ಬೂಟು ಹಾಕಿಕೊಂಡೇ ಕೂರುತ್ತಾರೆ. ನೇಪಿಯರ್ ಬಂದರಿನ ಹಡಗುಗಳು ನಮ್ಮ ಅಡಿಗೆಮನೆಯ ಹೊಗೆ ಕಂಡು ದಿಕ್ಕು ಬದಲಿಸಿದ್ದನ್ನು ನಾನು ಕಣ್ಣಾರೆ ನೋಡಿಲ್ಲ, ನೋಡಿದವರು ಇದ್ದಾರೆ. ನನ್ನ ಹೆಂಡತಿ ಆ ವಾಸನೆಗೇ ಆಕ್ಲೆಂಡಿಗೆ ಓಡಿದವಳು ತಿರುಗಿ ಬರಲಿಲ್ಲ. ನಾನು ವರ್ನರ್. ಗ್ಯಾರೇಜು ನಡೆಸುತ್ತೇನೆ. ದಕ್ಷಿಣ ಗೋಳಾರ್ಧದಲ್ಲಿ ನನ್ನ ಹಾಗೆ ಗೇರ್‌ಬಾಕ್ಸ್ ಬಿಚ್ಚುವವನು ಇನ್ನೊಬ್ಬನಿಲ್ಲ. ಬಿಚ್ಚಿದ್ದನ್ನು ಕೂಡಿಸುವವರು ಇರಬಹುದು. ಒಟ್ಟಿನಲ್ಲಿ ಸುಳ್ಳು ಹೇಳುವ ಪೈಕಿಯವನಲ್ಲ.

ಗಂಜಿಯಲ್ಲಿ ಇರುವುದು ಅಕ್ಕಿ, ಹಾಲು, ಚಿಟಿಕೆ ಉಪ್ಪು. ಬಡಿಸುವಾಗ ಮೇಲೆ ದಾಲ್ಚಿನ್ನಿ ಬೆರೆತ ಸಕ್ಕರೆ, ನಡುವೆ ಬೆಣ್ಣೆಯ ಗುಡ್ಡೆ. ಗುಟ್ಟೆಲ್ಲ ತಳದಲ್ಲಿ. ಅಮ್ಮ ಕಬ್ಬಿಣದ ಪಾತ್ರೆಗೆ ಸೌಟು ಹಾಕದೆ ಕೈಕಟ್ಟಿ ನಿಲ್ಲುತ್ತಾಳೆ. ಹೊಗೆಯ ವಾಸನೆ ಗೇಟಿನವರೆಗೆ ಹೋದ ಮೇಲೆ ತಳದ ಕಪ್ಪು ಚಕ್ಕೆಯನ್ನು ಕೆರೆದೆಬ್ಬಿಸಿ ಗಂಜಿಗೆಲ್ಲ ಕಲಸುತ್ತಾಳೆ. ಬಣ್ಣ ಒದ್ದೆ ಮರದ ತೊಗಟೆಯದು. ಇದು ನಮ್ಮ ಮನೆತನದ ಸ್ವೇದನ್ ಗಂಜಿ.

ಹೆಸರಿಗೊಂದು ಚರಿತ್ರೆಯಿದೆ. ಡೆನ್ಮಾರ್ಕಿನಿಂದ ಬಂದು ಇಲ್ಲಿನ ಕಾಡನ್ನು ಎರಡು ಮಧ್ಯಾಹ್ನದಲ್ಲಿ ಒಂದೇ ಕೊಡಲಿಯಿಂದ ಕಡಿದು ಮುಗಿಸಿದ ನಮ್ಮ ಹಿರಿಯನ ಹೆಂಡತಿ ಸ್ವೀಡನ್ನಿನ ರಾಜನಿಗೆ ಗಂಜಿ ಬಡಿಸಿದವಳು. ಎರಡನೇ ಬಟ್ಟಲಿಗಾಗಿ ರಾಜ ಕಿರೀಟವನ್ನೇ ಅಡವಿಡಲು ಬಂದನಂತೆ. ಹಾಗಾಗಿ ಅದು ಸ್ವೀಡನ್ ಗಂಜಿ, ನಮ್ಮ ಹಿರಿಯರ ಬಾಯಲ್ಲಿ ಸ್ವೇದನ್. ನಮ್ಮ ಅಜ್ಜಿ ಮಾರೆನ್ ಪ್ರತಿ ವರ್ಷ ಪಾತ್ರೆಯನ್ನು ಮೇಜಿನ ಮೇಲಿಟ್ಟು, ತಲೆ ತಗ್ಗಿಸಿ, "ಸ್ವೇದನ್" ಎನ್ನುತ್ತಿದ್ದಳು. ನಾವೆಲ್ಲ ಚಪ್ಪಾಳೆ ತಟ್ಟುತ್ತಿದ್ದೆವು. ನಮಗ್ಯಾರಿಗೂ ಡೇನಿಷ್ ಬಾರದು. ಶಾಲೆಯಲ್ಲಿ ಮಕ್ಕಳನ್ನು ನೋಡಿ ನಗುತ್ತಾರೆಂದು ಅಜ್ಜಿ ಕಲಿಸಲೇ ಇಲ್ಲ. ನಮ್ಮ ಪಾಲಿಗೆ ಉಳಿದದ್ದು ನಾಲ್ಕು ತಿಂಡಿಯ ಹೆಸರು, ಒಂದು ಬೈಗುಳ, ಮತ್ತೆ ಈ ಸ್ವೇದನ್.

ಈ ಗಂಜಿಯಿಂದಲೇ ಅಮ್ಮನಿಗೂ ಅವಳ ತಂಗಿ ರಿಗ್ಮೋರಳಿಗೂ ಮೂವತ್ತು ವರ್ಷ ಮಾತಿರಲಿಲ್ಲ.

ಅಜ್ಜಿ ತೀರಿಕೊಂಡು ತಿಂಗಳು ತುಂಬಿರಲಿಲ್ಲ. ಆ ಕ್ರಿಸ್‌ಮಸ್ಸಿಗೆ ಗಂಜಿ ನಾನೇ ಮಾಡುತ್ತೇನೆಂದು ಚಿಕ್ಕಮ್ಮ ಹಟ ಹಿಡಿದಳು. ಸಂಜೆ ಅಮ್ಮ ಯಾವುದೋ ಮೇಜುಬಟ್ಟೆ ಹುಡುಕುತ್ತ ಅಜ್ಜಿಯ ಕೋಣೆಗೆ ಹೋದರೆ, ಅಜ್ಜಿ ಮಲಗುತ್ತಿದ್ದ ಹಾಸಿಗೆಯ ನಟ್ಟನಡುವೆ, ಅಜ್ಜಿಯದೇ ರಜಾಯಿ ಹೊದ್ದುಕೊಂಡು ಗಂಜಿ ಪಾತ್ರೆ ಮಲಗಿದೆ! ಮುಚ್ಚಳ ತೆಗೆದರೆ ಒಳಗೆ ಗಂಜಿ ಬೆಳ್ಳಗೆ, ಹೊಗೆಯ ಸುಳಿವೇ ಇಲ್ಲ. ಅಮ್ಮ ಕೂಗಿದ ಕೂಗಿಗೆ ಮೂರು ಬೆಟ್ಟದಾಚೆ ಕುರಿಗಳು ತಾವಾಗಿ ಉಣ್ಣೆ ಉದುರಿಸಿದವು. ಪಾತ್ರೆಯನ್ನು ಎತ್ತಿಕೊಂಡು ಹೋಗಿ ಕೋಳಿಗೂಡಿಗೆ ಸುರಿದಳು.

"ಅಮ್ಮನ ಹಾಸಿಗೇನ ಒಲೆ ಮಾಡ್ಕೊಂಡ್ಯಾ? ಅಮ್ಮನ ಗಂಜಿ ಗೊತ್ತಿಲ್ದೋಳು ಅಮ್ಮನ ಮಗಳೇ ಅಲ್ಲ. ನಡಿ ಆಚೆ!"

ಚಿಕ್ಕಮ್ಮ ಕೋಳಿಗೂಡಿನ ಪಕ್ಕದಿಂದ ಹಾದು, ರಸ್ತೆ ದಾಟಿ ತನ್ನ ಮನೆಗೆ ಹೋದಳು. ಅವಳ ಮನೆ ನಮ್ಮೆದುರಿಗೇ. ಅಂದಿನಿಂದ ಪ್ರತಿ ಡಿಸೆಂಬರಿನಲ್ಲಿ ಒಂದು ಡಬ್ಬಿ ಕಂದು ಬಿಸ್ಕತ್ತು ಕಳಿಸುತ್ತಿದ್ದಳು. ಲವಂಗ, ದಾಲ್ಚಿನ್ನಿ ಹಾಕಿದ, ಹಿಂದೆ ಪತ್ರಿಕೆ ಹಿಡಿದರೆ ಓದಬಹುದಾದಷ್ಟು ತೆಳುವಾದ ಬಿಸ್ಕತ್ತು. ಅಮ್ಮ ಡಬ್ಬಿಯನ್ನು ತೊಳೆದು ವಾಪಸು ಕಳಿಸುತ್ತಿದ್ದಳು, ಬಿಸ್ಕತ್ತು ಕೋಳಿಗಳಿಗೆ. ನಮ್ಮ ಕೋಳಿಗಳಷ್ಟು ಡೇನಿಷ್ ತಿಂಡಿ ತಿಂದ ಕೋಳಿ ಡೆನ್ಮಾರ್ಕಿನಲ್ಲೂ ಇರಲಿಕ್ಕಿಲ್ಲ.

ಹೋದ ಡಿಸೆಂಬರಿನಲ್ಲಿ ಡಬ್ಬಿ ಹಿಡಿದುಕೊಂಡು ಚಿಕ್ಕಮ್ಮನೇ ಗ್ಯಾರೇಜಿಗೆ ಬಂದಳು.

"ವರ್ನರ್, ಕೈ ಒರೆಸ್ಕೊ. ಒಂದು ಮಾತಿದೆ."

"ಈ ಗ್ರೀಸ್ ಒರೆಸಿದ್ರೆ ಕೈಯೇ ಉಳಿಯಲ್ಲ ಚಿಕ್ಕಮ್ಮ. ಹೇಳು."

"ಮನೆ ಮಾರಿಬಿಟ್ಟೆ. ಜನವರೀಲಿ ಪರ್ತ್‌ಗೆ ಹೊರಟೆ, ಮಗಳ ಹತ್ರ. ಈ ಹೃದಯ ಇಟ್ಕೊಂಡು ಇನ್ನು ವಾಪಸ್ ಬರೋ ಮಾತಿಲ್ಲ. ಹೋಗೋಕೆ ಮುಂಚೆ ಒಂದ್ಸಲ ಅಮ್ಮನ ಮೇಜಿಗೆ ಕೂತ್ಕೋಬೇಕು ಕಣೋ."

"ಅಷ್ಟೇನಾ? ಕುರ್ಚಿ ನಾನೇ ತಲೆ ಮೇಲೆ ಹೊತ್ಕೊಂಡು ಬರ್ತೀನಿ."

"ಕುರ್ಚಿ ಯಾರಿಗೆ ಬೇಕು. ಅವಳು ಕರೀಬೇಕು."

ದೇಶದೇಶಗಳ ಯುದ್ಧ ನಿಲ್ಲಿಸುವಷ್ಟು ಮಾತಿನ ಚಾತುರ್ಯ ನನಗಿದೆ. ಆದರೂ ಅಮ್ಮನ ಹತ್ತಿರ ಮೂರು ದಿನ ಹಿಡಿಯಿತು. ಕೊನೆಗೆ ಆಲೂಗಡ್ಡೆ ಹೆರೆಯುತ್ತ, ತಲೆ ಎತ್ತದೆ ಹೇಳಿದಳು:

"ಬರಲಿ. ಬೇಡ ಅಂದೋರ್ಯಾರು? ಒಂದು ಬಟ್ಟಲು ಸ್ವೇದನ್ ಪೂರ್ತಿ ತಿನ್ಲಿ. ತಿಂದು, ಇದೇ ಅಮ್ಮನ ಗಂಜಿ ಅಂತ ಎಲ್ರೆದುರಿಗೆ ಬಾಯಿಬಿಟ್ಟು ಹೇಳ್ಲಿ. ಆಮೇಲೆ ಅವಳು ನನ್ನ ತಂಗಿ, ನಾನು ಅವಳ ಅಕ್ಕ."

"ಹೇಳ್ದಿದ್ರೆ?"

"ಕೋಳಿಗಳು ಹಸ್ಕೊಂಡಿವೆ."

ಷರತ್ತು ಕೇಳಿ ಚಿಕ್ಕಮ್ಮ ತನ್ನ ಬೆರಳುಗಳನ್ನೇ ಬಹಳ ಹೊತ್ತು ನೋಡಿಕೊಂಡಳು. "ಹೇಳ್ತಾಳಂತೆ ಅಂತ ಹೇಳು," ಎಂದಳು.

ಅದೇ ವಾರ ಗುಡ್ರುನ್ ಎಂಬ ಡೇನಿಷ್ ಹೆಂಗಸಿನ ಪ್ರವಾಸದ ವ್ಯಾನು ನಮ್ಮೂರ ಹತ್ತಿರ ಕ್ಲಚ್ಚು ಸುಟ್ಟುಕೊಂಡು ನಿಂತಿತು. ಡೆನ್ಮಾರ್ಕಿನ ಯೂಟ್ಲೆಂಡ್ ಕಡೆಯವಳು, ನಿವೃತ್ತ ಪಶುವೈದ್ಯೆ, ಅರವತ್ತು ದಾಟಿದ್ದಳು. ಬಿಡಿಭಾಗ ಹಬ್ಬ ಕಳೆದ ಮೇಲೆಯೇ ಬರುವುದು. ಪಾಪ, ಹಬ್ಬದ ದಿನ ಒಬ್ಬಳೇ ಏಕೆಂದು ನಾನು ಊಟಕ್ಕೆ ಕರೆದೆ. ಅಮ್ಮ ಹಿಗ್ಗಿ ಹೋದಳು.

"ಅಸಲಿ ಡೇನ್! ಅವಳ ಮುಂದೇನೇ ರಿಗ್ಮೋರ್ ಒಪ್ಕೊಳ್ಳಲಿ. ಇನ್ಮೇಲೆ ಯಾವಳೂ ತುಟಿ ಬಿಚ್ಚಬಾರ್ದು."

ಆ ಸಂಜೆ ಬಿಸಿಲು ಹೇಗಿತ್ತೆಂದರೆ ಮೇಣದ ಬತ್ತಿಗಳು ಹಚ್ಚುವ ಮೊದಲೇ ಬಗ್ಗಿ ನಮಸ್ಕಾರ ಮಾಡುತ್ತಿದ್ದವು. ಒಲೆಯೊಳಗೆ ಕುರಿಯ ತೊಡೆ, ಪಕ್ಕದಲ್ಲಿ ಕೆಂಪು ಕೋಸು. ಮೊದಲು ಗಂಜಿ, ಆಮೇಲೆ ಉಳಿದದ್ದು, ಅದು ಅಜ್ಜಿಯ ಕ್ರಮ. ಚಿಕ್ಕಮ್ಮ ಇಸ್ತ್ರಿ ಮಾಡಿದ ನೀಲಿ ಅಂಗಿ ತೊಟ್ಟು, ಹೊಸಲಿನ ಹತ್ತಿರ ನಿಂತೇ ಇದ್ದಳು. ಅಮ್ಮ ಗಡಿಯಾರ ನೋಡುತ್ತ, "ಕೂತ್ಕೊಂಡ್ರೆ ನೆಲ ಏನೂ ಕುಸಿಯಲ್ಲ," ಎಂದಳು. ಕರೆದ ಹಾಗಾಯಿತು.

ಪಾತ್ರೆಯೊಳಗೆ ಒಂದೇ ಒಂದು ಇಡೀ ಬಾದಾಮಿ ಇರುತ್ತದೆ. ಸಿಕ್ಕವರು ಉಸಿರೆತ್ತದೆ ಕೆನ್ನೆಯೊಳಗೆ ಅಡಗಿಸಿಕೊಳ್ಳಬೇಕು. ಉಳಿದವರು ಅದಕ್ಕಾಗಿ ಹೊಟ್ಟೆ ಬಿರಿಯ ತಿಂದು ಪಾತ್ರೆ ಬರಿದು ಮಾಡಿದ ಮೇಲೆ ಹೊರಗೆ ತೆಗೆದು ತೋರಿಸಬೇಕು. ಬಹುಮಾನ ಬಾದಾಮಿ ಹಲ್ವದಲ್ಲಿ ಮಾಡಿದ ಹಂದಿ. ಅದು ಆಗಲೇ ಕೆಂಪು ರಿಬ್ಬನ್ ಕಟ್ಟಿಕೊಂಡು ಮೇಜಿನ ತುದಿಯಲ್ಲಿ ಕೂತು ನಮ್ಮನ್ನು ನೋಡುತ್ತಿತ್ತು.

ಅಮ್ಮ ಪಾತ್ರೆ ತಂದಿಟ್ಟು, ಬೆನ್ನು ನೆಟ್ಟಗೆ ಮಾಡಿ, "ಸ್ವೇದನ್!" ಎಂದಳು. ನಾನು ಚಪ್ಪಾಳೆ ತಟ್ಟಿದೆ. ಗುಡ್ರುನ್ ಸ್ವಲ್ಪ ಬೆರಗಾಗಿ, ಏನೂ ಪರವಾಗಿಲ್ಲ ಎಂಬಂತೆ ತಲೆಯಾಡಿಸಿದಳು.

ಚಿಕ್ಕಮ್ಮ ತಿಂದಳು. ಒಂದೊಂದೇ ಚಮಚ, ಔಷಧಿ ಕುಡಿಯುವವಳ ಹಾಗೆ. ಅರ್ಧದಲ್ಲಿ ಅವಳ ದವಡೆ ಒಂದು ಕ್ಷಣ ನಿಂತದ್ದನ್ನು ನಾನು ಕಂಡೆ. ಹದ್ದಿನ ಕಣ್ಣು ನನ್ನದು. ಬಟ್ಟಲು ಬರಿದಾಯಿತು. ಚಮಚ ಕೆಳಗಿಟ್ಟಳು.

"ಇದೇ ಅಕ್ಕ," ಎಂದಳು. "ಇದೇ ಅಮ್ಮನ ಗಂಜಿ."

ಅಮ್ಮ ಸೌಟು ಎತ್ತಿಕೊಂಡು, "ಇನ್ನೊಂಚೂರು ಹಾಕ್ಲೇನೇ?" ಎಂದು ಕೇಳಿದಳು. ಆ 'ಏನೇ' ಮೂವತ್ತು ವರ್ಷ ಎಲ್ಲಿ ಕೊಳೆಯುತ್ತ ಬಿದ್ದಿತ್ತೋ. ಚಿಕ್ಕಮ್ಮ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದಳು.

ಅಮ್ಮ ಅಲ್ಲಿಗೆ ನಿಲ್ಲಿಸಬಹುದಿತ್ತು. ಗೆದ್ದವಳಿಗೆ ಸಾಕ್ಷಿಯೂ ಬೇಕಲ್ಲ!

"ನೀವು ಹೇಳಿ ಗುಡ್ರುನ್. ನಿಮ್ಮೂರ ಕಡೆ ಇಷ್ಟು ಚೆನ್ನಾಗಿ ಸ್ವೇದನ್ ಮಾಡ್ತಾರಾ?"

"ಅಯ್ಯೋ, ಅದಕ್ಯಾಕೆ ಬೇಜಾರು ಮಾಡ್ಕೋತೀರಿ," ಎಂದಳು ಗುಡ್ರುನ್, ಅಮ್ಮನ ಕೈ ತಟ್ಟುತ್ತ. "ಎಲ್ರ ಮನೇಲೂ ಆಗೋದೇ. ನನ್ನದೂ ಎಷ್ಟೋ ಸಲ ಸ್ವೇದನ್ ಆಗಿದೆ."

"ಆಗೋದು ಅಂದ್ರೆ?"

"ತಳ ಹಿಡಿದು ಸೀದುಹೋಗೋದು. ನೀವೂ ಅದನ್ನೇ ಅಲ್ವಾ ಹೇಳಿದ್ದು? ಸ್ವೇದನ್ ಅಂದ್ರೆ ಸೀದುಹೋಗಿದೆ ಅಂತ."

"ಸ್ವೀಡನ್ ದೇಶ..." ಎಂದೆ ನಾನು. ಕಿರೀಟ ಕೈಬಿಡಲು ನನಗೆ ಇಷ್ಟವಿರಲಿಲ್ಲ.

"ಆ ದೇಶಕ್ಕೆ ನಮ್ಮ ಭಾಷೇಲಿ ಹೆಸರೇ ಬೇರೆ. ನೋಡಿ, ಮುಂದಿನ ಸಲ ಒಂದು ಕುದಿ ಬಂದ್ಮೇಲೆ ಪಾತ್ರೆಗೆ ರಜಾಯಿ ಸುತ್ತಿ ಹಾಸಿಗೇಲಿ ಇಟ್ಬಿಡಿ. ನಮ್ಮಜ್ಜಿ ಹಾಗೇ ಮಾಡೋರು. ತನ್ನಷ್ಟಕ್ಕೆ ಬೇಯುತ್ತೆ, ಸೀಯೋದೇ ಇಲ್ಲ."

ಕಿಟಕಿಯಾಚೆ ಒಂದು ಕುರಿ ಕೆಮ್ಮಿತು. ಅಮ್ಮ ಸೌಟನ್ನು ಪಾತ್ರೆಗೆ ಹಾಕಿ ತಂಗಿಯ ಕಡೆ ತಿರುಗಿದಳು.

"ನಿಂಗೆ ಗೊತ್ತಿತ್ತು."

ಚಿಕ್ಕಮ್ಮ ಚಾಚಿದ ಬಟ್ಟಲನ್ನು ನಿಧಾನ ಕೆಳಗಿಟ್ಟಳು. "ಗೊತ್ತಿತ್ತು. ಆಸ್ಪತ್ರೇಲಿ ನಾನಲ್ವಾ ಇದ್ದಿದ್ದು? ಅಮ್ಮನೇ ಹೇಳಿದ್ಲು. ಹಾಲು ಕರೆಯೋ ಹೊತ್ತಿಗೇ ಗಂಜಿ ಒಲೆ ಮೇಲೆ ಇರ್ತಿತ್ತಂತೆ, ತಿರುವೋಕೆ ಯಾರೂ ಇರ್ತಿರ್ಲಿಲ್ವಂತೆ. ಪ್ರತಿ ವರ್ಷ ಸೀದುಹೋಗಿದೆ ಅಂತ ತಲೆ ತಗ್ಗಿಸಿ ಹೇಳಿದ್ರೆ ನೀವು ಚಪ್ಪಾಳೆ ತಟ್ತಿದ್ರಿ ಅಂದ್ಲು. ನನ್ನ ಹೆಸರಲ್ಲಿ ಒಂದ್ಸಲ ಬೆಳ್ಳಗೆ ಮಾಡಿ ಬಡಿಸು, ಹಾಸಿಗೇಲಿಟ್ಟು ಮಾಡು ಅಂದ್ಲು. ಮಾಡ್ದೆ."

"ಅವತ್ತೇ ಹೇಳೋಕೇನಾಗಿತ್ತು ನಿಂಗೆ?"

"ಹೇಳೋಕೆ ಬಿಟ್ಯಾ? ಕೋಳಿಗಳಿಗೆ ಹೇಳಿ ಬಂದೆ."

ನನಗೆ ನಗು ಬಂತು. ನಗಬಾರದಿತ್ತು. ಅಮ್ಮನ ಮುಖದಲ್ಲಿ ರಕ್ತ ಏರುತ್ತ ಏರುತ್ತ ಕೂದಲ ಬುಡದವರೆಗೆ ಹೋಯಿತು. ಅಪ್ಪಿಕೊಳ್ಳುತ್ತಾಳೋ ಹೊಡೆಯುತ್ತಾಳೋ ನನಗೂ ಗೊತ್ತಾಗಲಿಲ್ಲ.

"ಹಾಗಾದ್ರೆ ಈಗ ತಿಂದು ಹೇಳಿದ್ಯಲ್ಲ? ಇದೇ ಅಮ್ಮನ ಗಂಜಿ ಅಂತ?"

"ಅಮ್ಮಂದೇ ಅಲ್ವಾ ಅಕ್ಕ. ಸೀದಿದ್ರೂ ಅವಳದೇ."

"ಸುಳ್ಳಿ! ಮುದುಕಿಗೆ ಏನೂ ಗೊತ್ತಿಲ್ಲ, ಖುಷಿಯಾಗಿರ್ಲಿ ಅಂತ ಕನಿಕರಪಟ್ಟು ತಿಂದ್ಯಲ್ಲ? ಪರದೇಶದೋಳ ಮುಂದೆ ಒಳಗೊಳಗೇ ನಕ್ಕೊಂಡು ತಿಂದ್ಯಲ್ಲ? ಅವತ್ತು ಹಾಸಿಗೇಲಿ ಗಂಜಿ ಇಟ್ಟೋಳನ್ನ ಇವತ್ತು ಕ್ಷಮಿಸ್ತಿದ್ದೆ. ಇದನ್ನ ಕ್ಷಮಿಸಲ್ಲ. ಏಳು ಮೇಲೆ."

"ಅಕ್ಕಾ, ನಾನು ಜನವರೀಲಿ..."

"ಏಳು ಅಂದೆ."

ಗುಡ್ರುನ್ ಏನೋ ಹೇಳಲು ಹೋಗಿ ಕರವಸ್ತ್ರ ಬಾಯಿಗೆ ಒತ್ತಿಕೊಂಡಳು. ಚಿಕ್ಕಮ್ಮ ಎದ್ದಳು, ಕುರ್ಚಿಯನ್ನು ಸದ್ದಾಗದಂತೆ ಮೇಜಿನಡಿ ಸರಿಸಿದಳು. ನಾನು ಹಲ್ವದ ಹಂದಿಯನ್ನೊಮ್ಮೆ ನೋಡಿ, ಅವಳ ಹಿಂದೆ ಹೊರಟೆ.

ಅವಳು ರಸ್ತೆ ದಾಟಿದಳು. ತನ್ನ ಗೇಟಿನ ಹತ್ತಿರ ನಿಂತು, ಕೆನ್ನೆಯೊಳಗಿನಿಂದ ಬಾದಾಮಿ ತೆಗೆದು ಅಂಗೈಯಲ್ಲಿಟ್ಟುಕೊಂಡಳು. ಅಷ್ಟು ಜಗಳದಲ್ಲೂ ಅದು ಅಲ್ಲೇ ಇತ್ತು, ಇಡಿಯಾಗಿ.

"ಚಿಕ್ಕಮ್ಮ, ಗೆದ್ದೋಳು ನೀನು! ಓಡಿಹೋಗಿ ಹಂದಿ ಎತ್ಕೊಂಡು ಬರ್ತೀನಿ ತಾಳು. ನನ್ನಷ್ಟು ಜೋರಾಗಿ ಈ ಜಿಲ್ಲೇಲಿ ಯಾರೂ ಓಡಲ್ಲ."

"ಬೇಡ ಕಣೋ. ಹಂದಿ ಮೇಜಲ್ಲಿ ಕೂತೋರಿಗೆ." ಬಾದಾಮಿಯನ್ನು ನನ್ನ ಕೈಗೆ ಹಾಕಿ ಬೆರಳು ಮಡಿಸಿದಳು. "ಹೋಗಿ ಅವಳ ಬಟ್ಟಲಿಗೆ ಹಾಕು. ಇದನ್ನೂ ಗೆದ್ಕೊಳ್ಳಲಿ."

"ತೊಳೆದು ಹಾಕ್ಲಾ?"

"ಯಾಕೆ ತೊಳೀಬೇಕು?" ಎಂದಳು. ನಗುತ್ತಾಳೆಂದುಕೊಂಡೆ. ನಗಲಿಲ್ಲ. ಗೇಟಿನ ಚಿಲಕ ಹಾಕಿಕೊಂಡು ಒಳಗೆ ಹೋದಳು.

ನಾನು ವಾಪಸು ಬಂದಾಗ ಅಮ್ಮ ಪಾತ್ರೆಯನ್ನು ತನ್ನೆದುರಿಗೆ ಎಳೆದುಕೊಂಡು ಬಟ್ಟಲ ಮೇಲೆ ಬಟ್ಟಲು ತಿನ್ನುತ್ತಿದ್ದಳು. ಗುಡ್ರುನ್‌ಳಿಗೂ ಬಡಿಸಿ ತಿನ್ನಿಸುತ್ತಿದ್ದಳು. "ಬಾದಾಮಿ ಇನ್ನೂ ಸಿಕ್ಕಿಲ್ಲ. ಸಿಗೋ ತನಕ ಯಾರೂ ಏಳೋ ಹಾಗಿಲ್ಲ." ಕುರಿಯ ತೊಡೆ ಒಲೆಯೊಳಗೆ ಸೀಯುತ್ತಿದ್ದ ವಾಸನೆ ಬರುತ್ತಿತ್ತು. ಅವಳು ಅದನ್ನು ಹೊರತೆಗೆಯಲು ತಿರುಗಿದಾಗ ನಾನು ಅವಳ ಬಟ್ಟಲ ಮೇಲೆ ಅಂಗೈ ಬಿಚ್ಚಿದೆ.

ಬಂದು ಕೂತು ಎರಡು ಚಮಚ ತಿಂದವಳು ತಟ್ಟನೆ ನಿಂತಳು. ಕೆನ್ನೆಯಲ್ಲಿ ಅಡಗಿಸುವ ನಿಯಮವನ್ನೂ ಮರೆತು, ಬಾದಾಮಿಯನ್ನು ನಾಲಿಗೆಯ ತುದಿಯಲ್ಲಿ ತೋರಿಸಿದಳು.

"ನೋಡಿದ್ರಾ? ನನಗೇ! ಅಮ್ಮನ ಮೇಜಲ್ಲಿ ಯಾರಿಗೆ ಸಿಗ್ಬೇಕೋ ಅವರಿಗೇ ಸಿಗೋದು."

ಬಾದಾಮಿಯನ್ನು ಕಟಕಟನೆ ಅಗಿದು ನುಂಗಿದಳು. ಹಂದಿಯ ರಿಬ್ಬನ್ ಬಿಚ್ಚಿ, ಮೊದಲು ತಲೆ ಕಚ್ಚಿದಳು, ಆಮೇಲೆ ಬೆನ್ನು, ಹೊಟ್ಟೆ, ನಾಲ್ಕೂ ಕಾಲು. ನಮಗೆ ಬಾಲದಷ್ಟನ್ನೂ ಕೊಡಲಿಲ್ಲ. ರಸ್ತೆಯಾಚೆ ಚಿಕ್ಕಮ್ಮನ ಅಡಿಗೆಮನೆಯ ಪರದೆ ಮುಚ್ಚಿಕೊಂಡಿತು. ಅಮ್ಮ ಅದನ್ನು ಕಂಡಳು. ಕಂಡು, ಬೆರಳಿಗಂಟಿದ ಹಲ್ವ ನೆಕ್ಕಿ, ಸೌಟಿನಿಂದ ಪಾತ್ರೆಯ ತಳದ ಕಪ್ಪನ್ನು ಕೆರೆಯತೊಡಗಿದಳು.