ಅಗಸೆ ನಾರಿನ ಲೈನು

ಇಂಗ್ಲಿಷಿನ ಲೈನ್ ಅನ್ನುವ ಪದಕ್ಕೆ ನನ್ನ ನಿಘಂಟಿನಲ್ಲಿ ಎರಡು ಪುಟ. ವಿದ್ಯುತ್ ಸಬ್‌ಸ್ಟೇಷನ್ನಿನಲ್ಲಿ ನನ್ನ ಆಪರೇಟರ್ ಕೆಲಸವೆಂದರೆ ಎಂಟು ಗಂಟೆ ಮೀಟರುಗಳ ಮುಖ ನೋಡಿಕೊಂಡು ಕೂರುವುದು. ಹಾಗಾಗಿ ಎರಡೂ ಪುಟ ನನಗೆ ಬಾಯಿಪಾಠ. ನಮ್ಮ ಮರಳವಾಡಿ ಕಡೆಯವರು ಮಾತ್ರ ನಿಘಂಟಿಗೂ ಒಂದು ಕೈ ಮೇಲೆ. ಪಡಿತರದಂಗಡಿ ಮುಂದೆ ನಿಲ್ಲುವುದು ಲೈನು, ಕನಕಪುರದ ಬಸ್ಸು ಓಡುವುದೂ ಒಂದು ಲೈನಿನಲ್ಲಿ, ಕಾಲೇಜು ಹುಡುಗಿಯ ಹಿಂದೆ ಸುತ್ತುವವನು ಹೊಡೆಯುವುದೂ ಲೈನೇ. ಹೊಲಗಳು ಹೋಗಿ ಫ್ಯಾಕ್ಟರಿಗಳು ಬಂದ ಮೇಲೆ ಇನ್ನೊಂದು ಸೇರಿಕೊಂಡಿತು: ಸಾಮಾನು ಜೋಡಿಸುತ್ತಾ ಸಾಗುವ ಲೈನು. ಅದು ನಿಂತರೆ ಮ್ಯಾನೇಜರುಗಳಿಗೆ ಉಸಿರೇ ನಿಂತ ಹಾಗೆ.

ನಮಗೆ ಲೈನೆಂದರೆ ಹನ್ನೊಂದು ಸಾವಿರ ವೋಲ್ಟಿನ ತಂತಿ. ಅದನ್ನು ಮುಟ್ಟುವ ಮೊದಲು ಲೈನ್‌ಮ್ಯಾನ್ ನನಗೆ ಫೋನ್ ಮಾಡಿ ಲೈನ್ ಕ್ಲಿಯರ್ ಕೇಳಬೇಕು. ನಾನು ಕರೆಂಟು ತೆಗೆದು, ಸ್ವಿಚ್ಚಿಗೆ ‘ಮುಟ್ಟಬೇಡಿ’ ಎಂಬ ಕೆಂಪು ಬೋರ್ಡು ನೇತುಹಾಕಿ, ಅವನಿಗೊಂದು ಗುಟ್ಟಿನ ಪದ ಕೊಡುತ್ತೇನೆ. ಇಳಿದ ಮೇಲೆ ಅವನೇ ಫೋನ್ ಮಾಡಿ ಆ ಪದ ಹೇಳಬೇಕು. ಆಮೇಲೇ ಕರೆಂಟು. ಪದದ ಪದ್ಧತಿ ಇಲಾಖೆಯದಲ್ಲ, ನನ್ನದು.

೨೦೦೭ರ ಆ ಮಧ್ಯಾಹ್ನ ಎರಡು ಗಂಟೆಗೆ ಲೈನ್‌ಮ್ಯಾನ್ ನಟರಾಜು ಫೋನ್ ಮಾಡಿದ.

"ರಾಧಾಮಣಕ್ಕಾ, ಫ್ಯಾಕ್ಟ್ರಿ ಲೈನು ಕಿತ್ಕೊಂಡ್ ಬಿದ್ದೈತೆ. ಕ್ಲಿಯರ್ ಕೊಡು. ಇವತ್ತೇನ್ ಪದ?"

"ಅಗಸೆ."

"ಎಣ್ಣೆ ತೆಗಿಯೋ ಅಗಸೆನಾ? ಅದ್ಯಾಕೆ?"

"ಅದರ ನಾರಿನ ದಾರಕ್ಕೆ ಲ್ಯಾಟಿನ್ನಲ್ಲಿ ಲೀನಿಯ ಅಂತಿದ್ರಂತೆ. ಮೇಸ್ತ್ರಿ ಗೋಡೆ ಕಟ್ಟುವಾಗ ನೆಟ್ಟಗೆ ದಾರ ಎಳೀತಾನಲ್ಲ, ಅಂಥದ್ದು. ನಿನ್ನ ಲೈನು ಹುಟ್ಟಿದ್ದು ಅಲ್ಲೇ ಕಣೋ."

"ನಾರಾದ್ರೆ ಒಳ್ಳೇದಾಯ್ತು ಬುಡಕ್ಕ, ಹೊಡೆಯಾಕಿಲ್ಲ," ಎಂದು ನಕ್ಕು ಫೋನಿಟ್ಟ.

ಮೂರಕ್ಕೆ ಫ್ಯಾಕ್ಟರಿ ಮ್ಯಾನೇಜರನ ಫೋನು. "ನಮ್ಮ ಲೈನ್ ನಿಂತು ಒಂದು ಗಂಟೆ ಆಯ್ತು ಮೇಡಂ. ಯಾರು ಜವಾಬ್ದಾರಿ?" ಅದರ ಹಿಂದೆಯೇ ನಮ್ಮ ಇಂಜಿನಿಯರ್. "ರಾಧಾಮಣಿ, ಮೇಲಿನಿಂದ ಒತ್ತಡ ಬರ್ತಿದೆ." ಸದ್ಯಕ್ಕೆ ಮೇಲಿರುವವನು ನಟರಾಜು ಒಬ್ಬನೇ ಎಂದೆ. ಸಾಹೇಬರಿಗೆ ನಗು ಬರಲಿಲ್ಲ.

ಮೂರೂ ಇಪ್ಪತ್ತಕ್ಕೆ ನಟರಾಜುವಿನ ಸಹಾಯಕ ಗೌಸ್ ಫೋನ್ ಮಾಡಿದರು. ಇಪ್ಪತ್ತು ವರ್ಷದಿಂದ ಅವನ ಜೊತೆ ಕೆಲಸ ಮಾಡುತ್ತಿದ್ದ ಮನುಷ್ಯ, ಸುಳ್ಳು ಹೇಳುವವರಲ್ಲ.

"ಮೇಡಂ, ನಟರಾಜು ಇಳ್ದ. ಲೈನ್ ಬುಡಿ. ಪದ ಅಗಸೆ."

ಪದ ಸರಿಯಾಗಿತ್ತು. ಹೇಳಲು ಈಗಲೂ ನಾಚಿಕೆಯಾಗುತ್ತದೆ: ಸದ್ಯ, ಪೀಡೆ ತೊಲಗಿತು ಅನ್ನಿಸಿತು. ಬೋರ್ಡು ತೆಗೆದು ಸ್ವಿಚ್ಚಿನ ಮೇಲೆ ಕೈಯಿಟ್ಟೆ. ಇಟ್ಟ ಮೇಲೆ ಹೊಳೆಯಿತು. ಪದ ನಟರಾಜುವಿನದು, ದನಿ ಅವನದಲ್ಲ.

"ಅವನಿಗೆ ಫೋನ್ ಕೊಡಿ."

"ಆ ಕಡೆ ಹೊಂಟೋದ ಮೇಡಂ, ಕಾಣಾಕಿಲ್ಲ. ಇಳ್ದಿದ್ದು ಕಣ್ಣಾರೆ ಕಂಡಿವ್ನಿ. ಫ್ಯಾಕ್ಟ್ರಿ ಗೇಟ್‌ನೋರು ಇಲ್ಲಿ ನನ್ ಪ್ರಾಣ ತಿಂತಾವ್ರೆ."

"ಅವನ ಬಾಯಿಂದ ಬರಬೇಕು ಗೌಸಣ್ಣ."

ಬೋರ್ಡನ್ನು ಮತ್ತೆ ನೇತುಹಾಕಿದೆ. ನಟರಾಜುವಿನ ಮೊಬೈಲಿಗೆ ಏಳು ಸಲ ಮಾಡಿದೆ, ಸ್ವಿಚ್ಡ್ ಆಫ್. ಇಂಜಿನಿಯರ್ ಮತ್ತೆ ಮಾಡಿ, ಪದ ಸರಿಯಿದ್ದ ಮೇಲೆ ನಿಮ್ಮದೇನು ತಕರಾರು, ಈಗಲೇ ಬಿಡದಿದ್ದರೆ ನೋಟಿಸ್ ಎಂದು ಕೂಗಾಡಿದರು. ಕೊಡಿ ಸಾರ್ ಎಂದೆ. ಯಾರಾದರೂ ಬಂದು ಸ್ವಿಚ್ಚು ಹಾಕಿಬಿಟ್ಟಾರೆಂದು ಒಳಗಿನಿಂದ ಚಿಲಕ ಹಾಕಿಕೊಂಡು ಕೂತೆ. ಆ ಐವತ್ತು ನಿಮಿಷ ನನ್ನ ವೈರಿಗೂ ಬೇಡ.

ನಾಲ್ಕೂ ಹತ್ತಕ್ಕೆ ಬಾಗಿಲು ಬಡಿದದ್ದು ನಟರಾಜು. ಮೈಯೆಲ್ಲ ಧೂಳು.

"ಏನಕ್ಕಾ, ಇನ್ನೂ ಬುಟ್ಟಿಲ್ವಂತೆ? ಮೊಬೈಲ್ ಸತ್ತೋಗಿತ್ತು. ಅದ್ಕೇ ಗೌಸಣ್ಣಂಗೆ ಪದ ಹೇಳ್ಕೊಟ್ಟಿದ್ದೆ, ನಾನು ಇಳುದ್ಮೇಲೆ ಫೋನ್ ಮಾಡ್ಬುಡು ಅಂತ."

"ಮಾಡಿದರು. ಮೂರೂ ಇಪ್ಪತ್ತಕ್ಕೆ."

"ಎಷ್ಟೊತ್ತಿಗೆ?"

"ಮೂರೂ ಇಪ್ಪತ್ತು."

ಅವನು ಮನಸ್ಸಿನಲ್ಲೇ ಲೆಕ್ಕ ಹಾಕಿದ. ಗೋಡೆಗೆ ಒರಗಿಕೊಂಡು ಹಾಗೇ ನೆಲಕ್ಕೆ ಕುಸಿದ.

"ಮೊದಲ್ನೇ ಕಂಬ ಇಳ್ದಿದ್ದು ನೋಡವ್ರೆ. ದಿಣ್ಣೆ ಆಚೆ ಇನ್ನೊಂದು ಕಂಬದಾಗೂ ತಂತಿ ಕಿತ್ತೋಗಿತ್ತು. ಅದಕ್ಕೆ ಹತ್ತಿದ್ದೆ. ಆ ಹೊತ್ನಾಗೆ ತಂತಿ ಎರಡು ಕೈಲೂ ಇತ್ತಕ್ಕ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಬಗ್ಗಿ ಅವನ ಕೆನ್ನೆಗೆ ಬಾರಿಸಿದೆ. ನನಗೆ ಅಳು ತಡೆಯಲಾಗಲಿಲ್ಲ.

"ಬೋರ್ಡು ತೆಗೆದಿದ್ದೆ ಕಣೋ," ಎಂದೆ. "ಕೈ ಸ್ವಿಚ್ಚಿನ ಮೇಲಿತ್ತು."

ನಟರಾಜು ಕೆನ್ನೆ ಮುಟ್ಟಿಕೊಳ್ಳಲಿಲ್ಲ. ನನ್ನ ಕೈಯನ್ನೇ ನೋಡುತ್ತಾ ಕೂತ.