ಬಿಳಿ ಕಲ್ಲಿಟ್ಟ ಮನೆ

ನಂಜುಂಡಪ್ಪ ಬೆಳೆದ ಒಂದು ಬಾಳೆಗೊನೆಯನ್ನು ಇಳಿಸಲು ಮೇಟ್ಟುಪಾಳಯಂನಿಂದ ಊಟಿ ರೈಲಿನ ಇಂಜಿನ್ನನ್ನೇ ತರಿಸಬೇಕಾಯಿತು. ಸಿಂಗಾನಲ್ಲೂರು ಬಸ್ ನಿಲ್ದಾಣದ ಜನವೆಲ್ಲ ಮೂರು ದಿನ ತಿಂದರೂ ಆ ಗೊನೆ ಮುಗಿಯಲಿಲ್ಲ. ಮಿಕ್ಕದ್ದನ್ನು ಬೆಟ್ಟದ ಆನೆಗಳಿಗೆ ಹಂಚಿದರು, ಅವು ತೇಗಿದ ಸದ್ದಿಗೆ ಕಾರಮಡೈಯಲ್ಲಿ ಹೆಂಚು ಹಾರಿದವು. ಇದನ್ನು ಹೇಳಿದವನು ನಂಜುಂಡಪ್ಪನೇ. ನಂಬಿದವರು ಒಬ್ಬರೂ ಇಲ್ಲ, ಯಾಕೆಂದರೆ ಅವನಿಗೆ ತೋಟವೇ ಇರಲಿಲ್ಲ. ಕಂಡವರ ತೋಟದಲ್ಲಿ ಗೊನೆ ಕಡಿದು, ಹೊತ್ತು, ಲಾರಿಗೆ ತುಂಬುವುದು ಅವನ ಕೆಲಸ.

ಅವನ ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು; ಬಡಾಯಿ ಮಾತ್ರ ಎರಡರಲ್ಲೂ ಸಲೀಸು. ಹೆಂಡತಿ ತೀರಿಹೋಗಿ ಆರು ವರ್ಷವಾಗಿತ್ತು. ಮನೆಯಲ್ಲಿದ್ದವರು ತಾಯಿ ಸೀತಮ್ಮ, ಹಿರಿಮಗಳು ಶಿವಗಾಮಿ, ಕಿರಿಮಗಳು ಧರಣಿ. ‘ಮೈಸೂರು ಸೀಮೆಯಿಂದ ಕುದುರೆ ಏರಿ ಬಂದ ಮನೆತನ’ ಎಂದು ಸೀತಮ್ಮ ಹೇಳಿದರೆ, ಮಗ ಆ ಒಂದು ಕುದುರೆಯನ್ನು ಎಂಬತ್ತು ಮಾಡುತ್ತಿದ್ದ.

ಆ ಸುತ್ತಿನಲ್ಲಿ ಆಗ ಒಂದು ಪದ್ಧತಿ ಬೇರೂರಿತ್ತು. ಹೆಣ್ಣು ಹದಿನಾರು ತುಂಬಿದೊಡನೆ ನೂಲಿನ ಮಿಲ್ಲಿನ ಕ್ಯಾಂಪಿಗೆ ಹೋಗಬೇಕು. ಮೂರು ವರ್ಷ ಅಲ್ಲೇ ಊಟ, ಅಲ್ಲೇ ನಿದ್ದೆ, ಅಲ್ಲೇ ದುಡಿಮೆ. ಮುಗಿದ ದಿನ ಮದುವೆಯ ಒಡವೆಗೆಂದು ಒಟ್ಟಿಗೆ ಹಣ. ಒಂದು ದಿನ ಮೊದಲು ಬಿಟ್ಟುಬಂದರೂ ಏನೂ ಇಲ್ಲ. ಶಿವಗಾಮಿ ಎರಡು ವರ್ಷ ಹತ್ತು ತಿಂಗಳು ಹತ್ತಿಯ ಧೂಳು ನುಂಗಿದಳು. ಕೆಮ್ಮು ಹೆಚ್ಚಾಗಿ ಯಂತ್ರದ ಪಕ್ಕ ಕುಸಿದಾಗ, ಕೈಗೆ ಬಸ್ಸಿನ ಚೀಟಿಯಷ್ಟೇ ಕೊಟ್ಟು ಕಳಿಸಿದರು.

ಊರಿಗೆ ನಂಜುಂಡಪ್ಪ ಹೇಳಿದ್ದೇ ಬೇರೆ. ‘ಮಿಲ್ಲಿನ ಯಜಮಾನ, ಆ ಮೊದಲಾಳಿಯ ಮಗ ಕಟ್ಟಿಕೊಳ್ಳುತ್ತೇನೆ ಅಂತ ಕಾಲಿಗೆ ಬಿದ್ದ. ನಾನೇ ಬೇಡ ಅಂತ ಕರೆದುಕೊಂಡು ಬಂದೆ.’

ಪಕ್ಕದ ಮನೆಯ ಚಿನ್ನತಾಯಿ ಮಾತ್ರ ನಗಲಿಲ್ಲ. ಅವಳು ಮಹಿಳಾ ಸಂಘದ ತಲೆಯಾಳು. ಕಾಯಿಲೆಯ ಹುಡುಗಿಗೆಂದು ದಿನವೂ ಒಂದು ಚೊಂಬು ಕಂಬಿನ, ಅಂದರೆ ಸಜ್ಜೆಯ, ಗಂಜಿ ತಂದಿಡುವಳು. “ನಮ್ಮಲ್ಲಿ ಹೆಚ್ಚಾಯ್ತು ಅಣ್ಣಾ, ಚೆಲ್ಲೋದಕ್ಕೆ ಮನಸ್ಸು ಬರಲ್ಲ,” ಎನ್ನುವಳು. ಗಂಜಿಯ ಹಂಗು ನಂಜುಂಡಪ್ಪನ ಎದೆಯಲ್ಲಿ ಕಲ್ಲಿನಂತೆ ಕೂತಿತ್ತು. ಕೃತಜ್ಞತೆ ಗಂಟಲತನಕ ಬರುವುದು. ಅಲ್ಲಿಂದಾಚೆ ಬರುವಾಗ ಬಡಾಯಿಯಾಗಿಬಿಡುವುದು. ಚಹಾ ಅಂಗಡಿಯಲ್ಲಿ ಅವನು, “ಪಾಪ, ಆ ಚಿನ್ನತಾಯಿ ಮನೆಗೆ ದಿನಾ ನಮ್ಮನೆ ಗಂಜೀನೇ” ಎಂದಿದ್ದ. ಕೇಳಿಸಿಕೊಂಡೂ ಅವಳು ಮರುದಿನ ಚೊಂಬು ತಂದಿದ್ದಳು.

ಎರಡು ಸಾವಿರದ ಏಳರ ಆ ಬೇಸಿಗೆಯಲ್ಲಿ ಮಿಲ್ಲಿನ ಏಜೆಂಟ್ ಸೋಮಸುಂದರಂ ಹದಿನಾರು ತುಂಬಿದ ಧರಣಿಯನ್ನು ಕೇಳಿಕೊಂಡು ಬಂದ. ಶುಕ್ರವಾರ ವ್ಯಾನು ಬರುತ್ತದೆ, ಅಪ್ಪ ಕಾಗದಕ್ಕೆ ಬೆರಳೊತ್ತಿದರೆ ಸಾಕು ಎಂದ.

“ಅಕ್ಕನ್ನ ನೋಡಿದ ಮೇಲೂ ನನ್ನ ಕಳಿಸ್ತೀಯಾ ಅಜ್ಜೀ?” ಎಂದಳು ಧರಣಿ.

“ಎಲ್ಲಾ ಹೆಣ್ಣುಗಳೂ ಹೋಗ್ತವೆ,” ಎಂದಳು ಸೀತಮ್ಮ ಎಲೆ ಅಡಿಕೆ ಕುಟ್ಟುತ್ತ. “ಕೊರಳು ಬೋಳಾಗಿದ್ರೆ ಯಾವ ಮಾಪ್ಪಿಳ್ಳೆ ಬಂದು ತಾಳಿ ಕಟ್ತಾನೆ? ಅವಳ ಹಣೆಬರಹ ಕೆಮ್ಮು. ನಿನ್ನದು ಹಾಗಾಗುತ್ತೆ ಅಂತ ಯಾರು ಹೇಳಿದ್ರು?”

ಗಂಜಿಯ ಚೊಂಬಿನೊಂದಿಗೆ ಬಂದ ಚಿನ್ನತಾಯಿ ಬಾಗಿಲಲ್ಲೇ ನಿಂತಳು. “ಹಣೆಬರಹ ಅಲ್ಲಮ್ಮಾ, ಹತ್ತಿಬರಹ. ಒಡವೆಗೆ ಅಂತ ಕಳಿಸಿದ್ರಿ. ಒಡವೆ ಬಂತಾ? ಇಲ್ಲೇ ಗೊನೆ ಕಡಿದ ಮೇಲೆ ಬಾಳೆಕಂಬ ಕೊಳೀತಾ ಬಿದ್ದಿರುತ್ತೆ. ಅದರ ನಾರು ತೆಗೆದು ಚಾಪೆ, ಚೀಲ ನೇಯೋದು ಸಂಘ ಕಲಿಸುತ್ತೆ. ಸಂಜೆಗೆ ಹುಡುಗಿ ಮನೇಲಿರ್ತಾಳೆ, ದುಡಿದದ್ದು ಅವಳ ಕೈಲಿರುತ್ತೆ. ಸಂಘ ಮಾಡೋ ಬಡವರ ಪಟ್ಟೀಲಿ ನಿಮ್ಮ ಮನೆ ಹೆಸರಿರಬೇಕು, ಅಷ್ಟೇ.”

“ಬಡವರ ಪಟ್ಟೀಲಿ?” ನಂಜುಂಡಪ್ಪ ಎದೆಯುಬ್ಬಿಸಿದ. “ನಾವು?”

ಪಟ್ಟಿ ಮಾಡುವ ದಿನ ಸಂಘದ ಹೆಂಗಸರು ಮಾರಿಯಮ್ಮನ ಗುಡಿಯ ಅಂಗಳದಲ್ಲಿ ರಂಗೋಲಿ ಪುಡಿಯಿಂದ ಊರನ್ನೇ ಬರೆದರು. ಬೀದಿ, ಬಾವಿ, ಒಂದೊಂದು ಮನೆಗೆ ಒಂದೊಂದು ಚೌಕ. ಒಲೆ ಹತ್ತಿಸಲು ಕಷ್ಟವಿರುವ ಮನೆಗೆ ಹುಣಿಸೆಬೀಜ, ನೆಮ್ಮದಿಯಾಗಿರುವ ಮನೆಗೆ ಬಿಳಿ ಕಲ್ಲು. ಯಾರು ಬಡವರು ಎಂಬುದನ್ನು ಊರೇ ತೀರ್ಮಾನಿಸಬೇಕು, ಆದರೆ ಮನೆಯವರು ಒಲ್ಲೆವೆಂದರೆ ಬಲವಂತವಿಲ್ಲ. ಚಿನ್ನತಾಯಿ ನಂಜುಂಡಪ್ಪನ ಚೌಕದಲ್ಲಿ ಬೀಜವಿಟ್ಟಳು. ಅವನು ಬಂದವನೇ ಅದನ್ನು ಕಾಲಬೆರಳಲ್ಲಿ ಚಿಮ್ಮಿ, ಒಂದು ಸಾಲದೆಂದು ಮೂರು ಬಿಳಿ ಕಲ್ಲಿಟ್ಟ. ಊರಿಗೇ ದೊಡ್ಡವರಾದ ಗೌಂಡರ ಮನೆಗೂ ಒಂದೇ ಕಲ್ಲಿತ್ತು! ಜನ ಬಿದ್ದು ಬಿದ್ದು ನಕ್ಕರು. ಆ ನಗುವಿನಲ್ಲಿ ಧರಣಿಯ ದಾರಿ ಮುಚ್ಚಿಹೋದದ್ದು ಅವನಿಗೆ ಹೊಳೆಯಲಿಲ್ಲ.

ಶುಕ್ರವಾರ ಬೆಳಿಗ್ಗೆ ಊರಸಭೆಯಲ್ಲಿ ಚಿನ್ನತಾಯಿ ಪಟ್ಟಿಯನ್ನು ಓದಿದಳು. ನಂಜುಂಡಪ್ಪನ ಹೆಸರಿರಲಿಲ್ಲ. “ಬಿಟ್ಟುಹೋದವರು ಇದ್ರೆ ಈಗಲೇ ಹೇಳಿ. ಆ ಮನೆಯವರೇ ಹೇಳಬೇಕು,” ಎಂದು ಅವಳು ಅವನನ್ನೇ ನೋಡಿದಳು. ಆಚೆ ರಸ್ತೆಯಲ್ಲಿ ವ್ಯಾನು ನಿಂತಿತ್ತು. ಸೋಮಸುಂದರಂ ಕಾಗದ ಹಿಡಿದು ಬಂದು, “ಹೊತ್ತಾಯ್ತುಂಗ ಅಣ್ಣಾ,” ಎಂದ.

ಅಷ್ಟು ಜನ ಸೇರಿದ್ದು ಕಂಡು ನಂಜುಂಡಪ್ಪನ ನಾಲಿಗೆ ತಡೆಯಲಿಲ್ಲ. “ನನ್ನ ದೊಡ್ಡ ಮಗಳು ಮಿಲ್ಲು ನಡೆಸಿದವಳು ಕಣ್ರಯ್ಯಾ! ಅವಳು ಹೊರಟಾಗ ನಾನೂರು ಯಂತ್ರ ತಾವಾಗೇ ನಿಂತವು! ಚಿಕ್ಕವಳು ಹೋದರೆ ಇನ್ನು—”

“ನಾನು ಹೋಗಲ್ಲ.”

ಧರಣಿ ಹೆಂಗಸರ ಮಧ್ಯದಿಂದ ಎದ್ದು ನಿಂತಿದ್ದಳು.

“ಕೂತ್ಕೊಳೇ!” ಸೀತಮ್ಮ ಸೆರಗು ಹಿಡಿದೆಳೆದಳು. “ಮನೆ ಮಾನ ತೆಗೀತೀಯಾ?”

“ಕಟ್ಟಿ ಎತ್ತಿಕೊಂಡು ಹೋದರೂ ಹೋಗಲ್ಲ. ಅಪ್ಪಾ, ಒಂದೇ ಒಂದು ಮಾತು ಕೇಳ್ತೀನಿ. ಇವತ್ತು ನಮ್ಮನೇಲಿ ಒಲೆ ಹತ್ತಿತಾ?”

ಉತ್ತರ ಅವನ ನಾಲಿಗೆಯ ತುದಿಯಲ್ಲಿತ್ತು: ಒಂದು ಒಲೆಯೇ, ಏಳು ಒಲೆ, ಏಳರ ಮೇಲೂ ಪಾಯಸ. ಬಾಯಿ ತೆರೆದ. ಗುಡಿಯ ಮೂರು ಮೆಟ್ಟಿಲು ಹತ್ತಲಾರದೆ ಎರಡನೆಯದರಲ್ಲೇ ಕೂತು, ಎದೆ ಹಿಡಿದು ಉಸಿರಿಗೆ ಕಾಯುತ್ತಿದ್ದ ಶಿವಗಾಮಿ ಕಣ್ಣಿಗೆ ಬಿದ್ದಳು. ಅವಳಿಗಿನ್ನೂ ಹತ್ತೊಂಬತ್ತು.

“ಹತ್ತಿಲ್ಲ,” ಎಂದ.

ಸಭೆ ನಗಲು ಸಿದ್ಧವಾಗಿತ್ತು, ನಗು ಹುಟ್ಟಲಿಲ್ಲ.

“ನಿನ್ನೇನೂ ಹತ್ತಿಲ್ಲ. ಮೊದಲಾಳಿ ಮಗ ಯಾರೂ ಬರಲಿಲ್ಲ. ಹುಡುಗಿ ಬಿದ್ದಳು, ಆಚೆ ಹಾಕಿದ್ರು. ಕಳಿಸಿದವನು ನಾನು. ಒಡವೆ ಆಸೆಗೆ ಅವಳ ಉಸಿರು ಮಾರಿದೆ.” ಅವನು ಚಿನ್ನತಾಯಿಯ ಕಡೆ ತಿರುಗಿ ಕೈ ಜೋಡಿಸಿದ. “ಅಮ್ಮಾ, ಆ ಗಂಜಿ ನಿನ್ನದು. ನನ್ನ ಮಗಳು ಬದುಕಿರೋದು ಅದರಿಂದ. ಬರಕೋ ನನ್ನ ಹೆಸರ. ಚಿಕ್ಕವಳು ನಿನ್ನ ಹತ್ರ ಕಲೀತಾಳೆ.”

ಸೋಮಸುಂದರಂ ಕಾಗದ ಮಡಿಸಿದ. ಚಿನ್ನತಾಯಿ ಕಣ್ಣೊರೆಸಿಕೊಂಡು ಹೆಸರು ಬರೆದಳು.

ಸಭೆಯಲ್ಲಿ ಕೂತಿದ್ದ ಮುದುಕ ದೊರೈಸಾಮಿಗೆ ಇನ್ನೂ ಅನುಮಾನ. “ಏನ್ ನಂಜುಂಡಪ್ಪಾ, ಇದಾದರೂ ನಿಜವಾ?”

“ನಿಜ ಅಣ್ಣಾ,” ಎಂದ ನಂಜುಂಡಪ್ಪ. “ಇದಕ್ಕೆ ಸೇರಿಸೋದಕ್ಕೆ ನನ್ನ ಹತ್ರ ಏನೂ ಇಲ್ಲ.”